ಒಡ್ಡಿನ ಪಕ್ಕದ ಗಿಡದಲ್ಲಿ 168 ಕಾಯಿ: ಅದರ ಬೀಜ ಇಟ್ಟುಕೊಳ್ಳಬೇಕಾ?

ಪ್ರಶ್ನೆ: ನಮ್ಮದು ಬೈಲಹೊಂಗಲ ಹತ್ತಿರದ ಹಳ್ಳಿ, ಎರೆ ಹೊಲ. ಮುಂಗಾರಿಗೆ ಸೋಯಾಬೀನ್, ಅದನ್ನು ಕಿತ್ತು ಹಿಂಗಾರಿಗೆ ಕಡಲೆ. ಜೆಎಸ್ 335 ತಳಿಯ ಬೀಜವನ್ನು ಮನೆಯಲ್ಲೇ ಇಟ್ಟುಕೊಂಡು ಬಿತ್ತುತ್ತೇವೆ. ಎಕರೆಗೆ ಏಳೆಂಟು ಕ್ವಿಂಟಲ್ ಬರುತ್ತದೆ. ಈ ಸಲ ಒಡ್ಡಿನ ಪಕ್ಕದ ಸಾಲಿನಲ್ಲಿ ಒಂದು ಗಿಡ ಕಣ್ಣಿಗೆ ಬಿತ್ತು. ಅದರ ಒಂದು ಮಗ್ಗುಲಲ್ಲಿ ಕೂರಿಗೆ ತಪ್ಪಿ ಒಂದು ಮೊಳದಷ್ಟು ಸಾಲು ಖಾಲಿ ಇತ್ತು. ಎಣಿಸಿದರೆ 168 ಕಾಯಿ! ಹೊಲದ ನಡುವಿನ ಗಿಡಗಳಲ್ಲಿ ಸುಮಾರು 40 ಇವೆ. ಇದೊಂದು ಗಿಡದ ಬೀಜ ಬೇರೆ ತೆಗೆದಿಟ್ಟು ಬೆಳೆಸಿದರೆ ಇಳುವರಿ ಜಾಸ್ತಿ ಆಗುತ್ತದಾ? ಕೃಷಿ ಓದುತ್ತಿರುವ ಮಗಳು, ‘ಇಳುವರಿಗೆ ಎಲ್ಲಕ್ಕಿಂತ ಹೆಚ್ಚು ಸಂಬಂಧ ಇರುವುದು ಕಾಯಿ ಸಂಖ್ಯೆಗೇ ಅಂತ ನಮ್ಮ ಪಾಠದಲ್ಲಿದೆ’ ಅನ್ನುತ್ತಾಳೆ. ತಳಿ ಮಾಡುವವರು ಗಿಡದಲ್ಲಿ ನಿಜವಾಗಿ ಏನನ್ನು ನೋಡುತ್ತಾರೆ?

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ. ಆದರೂ ಆ ಗಿಡದ ಮೇಲೆ ನೀವು ಇಟ್ಟಿರುವ ಆಸೆ ಬಹುಪಾಲು ಸುಳ್ಳಾಗುತ್ತದೆ. ಈ ಎರಡೂ ಮಾತು ಒಟ್ಟಿಗೆ ಹೇಗೆ ನಿಜ ಅನ್ನುವುದೇ ಸೋಯಾಬೀನ್ ತಳಿ ಕೆಲಸದ ಅರ್ಧ ಕಥೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ನಿಮ್ಮ ಗಿಡವನ್ನೇ ಅಳೆಯೋಣ. ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 10 ಅಂತ ಬಿತ್ತಿದರೆ ಒಂದು ಗಿಡದ ಪಾಲಿಗೆ ಬರುವ ನೆಲ 300 ಚದರ ಸೆಂಟಿಮೀಟರ್. ಅಂಗೈ ಎರಡು ಊರಿದಷ್ಟು ಜಾಗ, ಅಷ್ಟೇ. ನಿಮ್ಮ ಒಡ್ಡಿನ ಗಿಡಕ್ಕೆ ಒಂದು ಕಡೆ ಒಂದು ಮೊಳ ಖಾಲಿ ಇತ್ತು ಅಂದಿರಿ. ಅದರಲ್ಲಿ ಅರ್ಧ ಇದರ ಪಾಲು, ಇನ್ನರ್ಧ ಆಚೆಯ ಗಿಡದ್ದು. ಇನ್ನೊಂದು ಮಗ್ಗುಲಿನ 5 ಸೇರಿಸಿದರೆ ಸಾಲಿನ ಉದ್ದಕ್ಕೆ ಸುಮಾರು 27 ಸೆಂಟಿಮೀಟರ್ ಸಿಕ್ಕಿತು. ಅಡ್ಡಕ್ಕೆ ಹೊಲದ ಕಡೆ 15. ಒಡ್ಡಿನ ಕಡೆ ತಡೆಯುವವರೇ ಇಲ್ಲ, ಕಡಿಮೆ ಅಂದರೂ 30 ಹಿಡಿಯೋಣ. ಒಟ್ಟು 27 ಗುಣಿಸು 45, ಹತ್ತಿರ ಹತ್ತಿರ 1200 ಚದರ ಸೆಂಟಿಮೀಟರ್. ಅಂದರೆ ನಾಲ್ಕು ಗಿಡದ ಜಾಗ. 168 ಕಾಯಿಯನ್ನು ನಾಲ್ಕರಿಂದ ಭಾಗಿಸಿ ನೋಡಿ. 42.

ಹೊಲದ ನಡುವಿನ ಗಿಡದಲ್ಲಿ 40, ಇದರಲ್ಲಿ 42. ನಾಲ್ಕು ಜನರ ಊಟ ಒಬ್ಬನೇ ಉಂಡಿದ್ದಾನೆ, ನಾಲ್ಕು ಜನರ ಕೆಲಸ ಮಾಡಿದ್ದಾನೆ. ಅದರಲ್ಲಿ ಬೆರಗೇನೂ ಇಲ್ಲ.

ಇದರಲ್ಲಿ ನಾನೂ ಮೋಸ ಹೋಗಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಪ್ರಯೋಗದ ಹೊಲದಿಂದ ಕಾಯಿ ತುಂಬಿದ ಗಿಡಗಳನ್ನು ಆರಿಸಿ ಕಿತ್ತು, ಚೀಟಿ ಕಟ್ಟಿ, ಬೇವಿನ ಮರದ ಕೆಳಗೆ ಕೂತು ಎಣಿಸುತ್ತಿದ್ದೆ. ಕಾಯಿ ಬಿಡಿಸಲು ಬರುತ್ತಿದ್ದ ಒಬ್ಬ ಅಜ್ಜಿ ನನ್ನ ಗಿಡದ ಕಟ್ಟನ್ನು ನೋಡಿ ಕೇಳಿದಳು: ‘ಇವೆಲ್ಲಾ ದಂಡಿಗಿನ ಗಿಡ ಅಲ್ಲೇನ್ರೀ ಸರ? ಅದಕ್ಕ ಆಜೂಬಾಜೂ ಯಾರ ಕಾಟಾನೂ ಇಲ್ಲ. ಕಾಯಿ ಬಿಡಲಾರದ ಮತ್ತೇನ ಮಾಡ್ತೈತಿ?’ ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದಿನ ಮುಂಗಾರಿಗೆ ಆ ಗಿಡಗಳ ಬೀಜವನ್ನು ಹೊಲದ ನಡುವೆ ಸಾಲಾಗಿ ಬಿತ್ತಿದೆ. ಅಕ್ಕಪಕ್ಕದ ಸಾಲಿಗೂ ಅವುಗಳಿಗೂ ವ್ಯತ್ಯಾಸವೇ ಕಾಣಲಿಲ್ಲ. ಒಂದು ವರ್ಷ ಹೋಯಿತು, ಅಜ್ಜಿಯ ಮಾತು ಉಳಿಯಿತು. ಈಗಲೂ ನಮ್ಮಲ್ಲಿ ತೂಕ ತೆಗೆಯುವಾಗ ದಂಡೆಯ ಸಾಲುಗಳನ್ನು ಮೊದಲೇ ಕೊಯ್ದು ಬೇರೆ ಹಾಕುತ್ತೇವೆ.

ಬರೀ ಜಾಗದ ಮಾತು ಇದಲ್ಲ, ಇನ್ನೂ ಒಂದು ದೊಡ್ಡ ಕಾರಣ ಇದೆ. ಸೋಯಾಬೀನ್ ತನ್ನ ಹೂವಿನಲ್ಲೇ ತಾನು ಪರಾಗಸ್ಪರ್ಶ ಮಾಡಿಕೊಳ್ಳುವ ಬೆಳೆ. ಹೂವು ಅರಳುವಷ್ಟರಲ್ಲಿ ಒಳಗಿನ ಕೆಲಸ ಮುಗಿದಿರುತ್ತದೆ. ಬೇರೆ ಗಿಡದ ಪರಾಗ ಬಂದು ಸೇರುವುದು ನೂರಕ್ಕೆ ಒಂದಕ್ಕಿಂತ ಕಡಿಮೆ. ಹೀಗಾಗಿ ಶುದ್ಧವಾಗಿ ಉಳಿದ ಒಂದು ತಳಿಯ ಹೊಲದಲ್ಲಿ ಎಲ್ಲ ಗಿಡಗಳೂ ಒಳಗಿನಿಂದ ಒಂದೇ. ಒಂದು ಎತ್ತರ, ಒಂದು ಗಿಡ್ಡ, ಒಂದರಲ್ಲಿ 20 ಕಾಯಿ, ಇನ್ನೊಂದರಲ್ಲಿ 168 ಇರಬಹುದು. ಆ ವ್ಯತ್ಯಾಸ ನೆಲದ್ದು, ನೀರಿನದು, ಬಿಸಿಲಿನದು. ಬೀಜದೊಳಗೆ ಅದು ಹೋಗುವುದಿಲ್ಲ.

ಇದನ್ನು ಮೊದಲು ಎಣಿಸಿ, ತೂಗಿ ತೋರಿಸಿದವರು ಡೆನ್ಮಾರ್ಕಿನ ವಿಲ್ಹೆಲ್ಮ್ ಜೊಹಾನ್ಸನ್. ಅವರ ಬೆಳೆಯೂ ಸೋಯಾಬೀನ್‌ನಂತೆ ತಾನೇ ಪರಾಗಸ್ಪರ್ಶ ಮಾಡಿಕೊಳ್ಳುವ ಒಂದು ಬೀನ್ಸ್. 1903ರಲ್ಲಿ ಅವರು ಹೇಳಿದ್ದು ಇಷ್ಟು: ಒಂದೇ ಗಿಡದಿಂದ ಬಂದ ವಂಶದಲ್ಲಿ ದೊಡ್ಡ ಕಾಳನ್ನೇ ಆರಿಸಿ ಬಿತ್ತಿ, ಸಣ್ಣ ಕಾಳನ್ನೇ ಆರಿಸಿ ಬಿತ್ತಿ, ಮುಂದಿನ ಬೆಳೆಯ ಕಾಳಿನ ಸರಾಸರಿ ತೂಕ ಒಂದೇ. ‘ಜೀನ್’ ಅನ್ನುವ ಪದವನ್ನು 1909ರಲ್ಲಿ ಕೊಟ್ಟವರೂ ಅವರೇ.

ಈಗ ಮಗಳ ಪಾಠಕ್ಕೆ ಬರೋಣ. ಒಂದೇ ತಳಿ ಬಿಟ್ಟು ಬೇರೆ ಬೇರೆ ಮೂಲದ ಐವತ್ತು ಅರವತ್ತು ಸೋಯಾಬೀನ್ ಸಾಲುಗಳನ್ನು (ತಳಿಯವರ ಮಾತಲ್ಲಿ ಒಂದು ಸಾಲು ಅಂದರೆ ಒಂದು ವಂಶ) ಒಟ್ಟಿಗೆ ಬೆಳೆದರೆ ಅಲ್ಲಿ ವಂಶದ ವ್ಯತ್ಯಾಸ ನಿಜವಾಗಿ ಇರುತ್ತದೆ. ಪ್ರತಿ ಸಾಲಿನಲ್ಲಿ ಐದೋ ಹತ್ತೋ ಗಿಡ ಆರಿಸಿ ಎತ್ತರ, ಟೊಂಗೆ, ಗೆಣ್ಣು, ಕಾಯಿ, ಕಾಯಿಯೊಳಗಿನ ಕಾಳು, ನೂರು ಕಾಳಿನ ತೂಕ, ಹೂ ಬಿಟ್ಟ ದಿನ, ಬಲಿತ ದಿನ ಎಲ್ಲ ಬರೆದುಕೊಳ್ಳುತ್ತೇವೆ. ಆಮೇಲೆ ಇವುಗಳಲ್ಲಿ ಯಾವುದು ಹೆಚ್ಚಾದಾಗ ಇಳುವರಿಯೂ ಹೆಚ್ಚಿದೆ ಅಂತ ಲೆಕ್ಕ ಹಾಕುತ್ತೇವೆ. ಇದೇ ಸಹಸಂಬಂಧ. ಪೂರ್ತಿ ಜೊತೆಯಾಗಿ ನಡೆದರೆ 1, ಸಂಬಂಧವೇ ಇಲ್ಲದಿದ್ದರೆ 0, ಒಂದು ಏರಿದಾಗ ಇನ್ನೊಂದು ಇಳಿದರೆ ಮೈನಸ್. ಇಂಥ ಲೆಕ್ಕದಲ್ಲಿ ಗಿಡದ ಕಾಯಿ ಸಂಖ್ಯೆ ಮತ್ತೆ ಮತ್ತೆ ಮೇಲಕ್ಕೆ ಬರುತ್ತದೆ. ಟೊಂಗೆಯೂ ಅನೇಕ ಸಲ ಬರುತ್ತದೆ.

ಆದರೆ ಸಹಸಂಬಂಧ ಅಂದರೆ ಜೊತೆಗೆ ಓಡಾಡುವವರ ಪಟ್ಟಿ ಅಷ್ಟೇ. ಕೆಲಸ ಮಾಡಿದವರು ಯಾರು ಅಂತ ಅದು ಹೇಳುವುದಿಲ್ಲ. ಊರಲ್ಲಿ ಒಬ್ಬರು ಇರುತ್ತಾರೆ, ‘ನನ್ನಿಂದಲೇ ನಿಮ್ಮ ಕೆಲಸ ಆಯ್ತು’ ಅನ್ನುತ್ತಾರೆ. ವಿಚಾರಿಸಿದರೆ ಅವರು ಸಾಹೇಬರಿಗೆ ಒಂದು ಫೋನ್ ಮಾಡಿರುತ್ತಾರೆ, ಸಹಿ ಹಾಕಿದ್ದು ಸಾಹೇಬರು. ಸೋಯಾಬೀನ್‌ನಲ್ಲಿ ಟೊಂಗೆ ಹೀಗೆ ಫೋನ್ ಮಾಡುವವನು. ಟೊಂಗೆ ಹೆಚ್ಚಿದ್ದರೆ ಗೆಣ್ಣು ಹೆಚ್ಚು, ಗೆಣ್ಣು ಹೆಚ್ಚಿದ್ದರೆ ಕಾಯಿ ಹೆಚ್ಚು, ಆ ದಾರಿಯಲ್ಲಿ ಇಳುವರಿ. ಕಾಯಿ ಕಟ್ಟದ ಟೊಂಗೆ ದನದ ಮೇವಿಗೂ ಅಷ್ಟಕ್ಕಷ್ಟೆ.

ಯಾರ ಪಾಲು ನೇರ, ಯಾರದು ಇನ್ನೊಬ್ಬರ ಮೂಲಕ ಅಂತ ಬಿಡಿಸುವ ಲೆಕ್ಕಕ್ಕೆ ಪಾಥ್ ಅನಾಲಿಸಿಸ್ ಅನ್ನುತ್ತಾರೆ. ಅಮೆರಿಕದ ಸೀವಾಲ್ ರೈಟ್ 1921ರಲ್ಲಿ ಇದನ್ನು ವಿವರವಾಗಿ ಬರೆದರು. 1959ರಲ್ಲಿ ಡ್ಯೂಯಿ ಮತ್ತು ಲೂ ಒಂದು ಹುಲ್ಲಿನ ಬೀಜದ ಇಳುವರಿಗೆ ಅದನ್ನು ಹಚ್ಚಿ ತೋರಿಸಿದರು. ಅಲ್ಲಿಂದ ಬೆಳೆ ತಳಿಯವರೆಲ್ಲ ಹಿಡಿದುಕೊಂಡರು. ಈಗ ತಳಿಶಾಸ್ತ್ರದ ವಿದ್ಯಾರ್ಥಿಗೆ ಇದು ಎಡೆಕುಂಟೆ ಇದ್ದಂತೆ, ಹೊಡೆಯದೆ ಹೊಲ ದಾಟುವಂತಿಲ್ಲ.

ಒಂದು ಮಾತು ಮಗಳಿಗೆ ಹೇಳಿ. ಗಿಡದ ಒಟ್ಟು ಒಣ ತೂಕ ಮತ್ತು ಅದರಲ್ಲಿ ಕಾಳಿನ ಪಾಲು, ಇವೆರಡಕ್ಕೂ ಇಳುವರಿಗೂ ಭಾರಿ ಸಂಬಂಧ ಬಂತು ಅಂತ ಬರೆದಿದ್ದರೆ ಹಿಗ್ಗಬೇಡ ಅನ್ನಿ. ಒಟ್ಟು ತೂಕವನ್ನು ಕಾಳಿನ ಪಾಲಿನಿಂದ ಗುಣಿಸಿದರೆ ಬರುವುದೇ ಇಳುವರಿ. ಸಂಬಳಕ್ಕೂ ಮೂಲವೇತನಕ್ಕೂ ಸಂಬಂಧ ಇದೆ ಅಂದಂತೆ ಅದು. ಸುಮ್ನೆ ಕಾಗದ ತುಂಬುತ್ತದೆ.

ಇಳುವರಿಗೆ ಸಂಬಂಧ ಇರುವುದು ಒಂದು ಮಾತು. ಅದು ಬೀಜದ ಮೂಲಕ ಮುಂದಿನ ಬೆಳೆಗೆ ಸಾಗುವುದು ಇನ್ನೊಂದು ಮಾತು. ತಳಿ ಮಾಡುವವರಿಗೆ ಎರಡೂ ಬೇಕು. ಕಾಯಿ ಸಂಖ್ಯೆಗೆ ಮೊದಲನೆಯದು ದಂಡಿಯಾಗಿ ಇದೆ, ಎರಡನೆಯದರ ಮೇಲೆ ಒಂಟಿ ಗಿಡ ನೋಡಿ ಭರವಸೆ ಇಡುವಂತಿಲ್ಲ. ಯಾಕೆಂದರೆ ಕಾಯಿ ಸಂಖ್ಯೆಯನ್ನು ಗಿಡ ಕೊನೆಯವರೆಗೂ ಬದಲಿಸುತ್ತಲೇ ಇರುತ್ತದೆ. ಸೋಯಾಬೀನ್ ಬಿಡುವ ಹೂವಿನಲ್ಲಿ ದೊಡ್ಡ ಪಾಲು ಕಾಯಿ ಆಗುವುದೇ ಇಲ್ಲ, ಉದುರುತ್ತದೆ. ಬೆಳಗ್ಗೆ ಸಾಲಿನ ನಡುವೆ ಬಗ್ಗಿ ನೋಡಿದರೆ ನೆಲದ ಮೇಲೆ ಒಣಗಿದ ಹೂವು, ಉಗುರಿನಷ್ಟು ಎಳೆ ಕಾಯಿ ಬಿದ್ದಿರುತ್ತವೆ ನೋಡಿ, ಅದು ರೋಗವಲ್ಲ. ಎಷ್ಟು ಸಾಕಬಲ್ಲೆ ಅಂತ ಗಿಡ ಆಗ ತೂಗುತ್ತಿರುತ್ತದೆ. ಹೂ ಬಿಟ್ಟಾಗಿನಿಂದ ಕಾಳು ಕಟ್ಟಲು ಶುರುವಾಗುವ ತನಕದ ಆ ಮೂರ್ನಾಲ್ಕು ವಾರ ಮಳೆ ಕೈಕೊಟ್ಟರೆ, ಅಥವಾ ಮೋಡ ಮುಚ್ಚಿಕೊಂಡು ಬಿಸಿಲೇ ಬೀಳದಿದ್ದರೆ, ಕಾಯಿ ಕಡಿಮೆ. ಪಕ್ಕದ ಗಿಡ ಸತ್ತು ಬೆಳಕು ಸಿಕ್ಕರೆ ಜಾಸ್ತಿ. ವಂಶದ ಮಾತು ಇದ್ದರೂ ಗದ್ದಲದಲ್ಲಿ ಕೇಳಿಸುವುದಿಲ್ಲ.

ನೂರು ಕಾಳಿನ ತೂಕ ಹಾಗಲ್ಲ. ಅದು ತಳಿಯ ಜೊತೆ ಗಟ್ಟಿಯಾಗಿ ಸಾಗುತ್ತದೆ. ಕಾಯಿಗೆ ಎರಡು ಕಾಳೋ ಮೂರೋ ಅನ್ನುವುದೂ ಅಷ್ಟು ಅಲುಗಾಡುವುದಿಲ್ಲ. ಅಗಲ ಎಲೆ ಬಿಟ್ಟು ಉದ್ದುದ್ದ ಕಿರಿದಾದ ಎಲೆ ಬರುವ ಸೋಯಾಬೀನ್‌ಗಳಿವೆ, ಅವುಗಳಲ್ಲಿ ನಾಲ್ಕು ಕಾಳಿನ ಕಾಯಿ ಹೆಚ್ಚು. ಎಲೆಯ ಆಕಾರಕ್ಕೂ ಕಾಳಿನ ಸಂಖ್ಯೆಗೂ ಒಂದೇ ಜೀನ್ ಕಾರಣ. ಎಲೆ ನೋಡಿಯೇ ಕಾಯಿಯೊಳಗಿನದನ್ನು ಊಹಿಸಬಹುದು. ನನಗೆ ತುಂಬಾ ಇಷ್ಟವಾದ ಸಂಗತಿ ಇದು.

ಹಾಗಾದರೆ ದಪ್ಪ ಕಾಳನ್ನೇ ಆರಿಸಿದರಾಯಿತು, ಅಲ್ವಾ? ಇಲ್ಲ. ಕಾಳು ದಪ್ಪವಾದಷ್ಟೂ ಕಾಯಿ ಅಥವಾ ಕಾಳಿನ ಸಂಖ್ಯೆ ಕಡಿಮೆಯಾಗುವುದು ಮಾಮೂಲು. ಗಿಡದ ಹತ್ತಿರ ಇರುವ ಹಿಟ್ಟು ಅಷ್ಟೇ. ದಪ್ಪ ರೊಟ್ಟಿ ಬಡಿದರೆ ನಾಲ್ಕು, ತೆಳ್ಳಗೆ ಬಡಿದರೆ ಆರು. ಇದರ ಜೊತೆ ಬೀಜದ ಖರ್ಚೂ ಇದೆ. ಎಕರೆಗೆ 1,33,000 ಗಿಡ ಬೇಕು, ನೂರು ಕಾಳಿಗೆ 12 ಗ್ರಾಂ ಅಂದರೆ 16 ಕಿಲೋ ಬೀಜ. ನೂರಕ್ಕೆ 70 ಮೊಳೆಯುತ್ತವೆ ಅಂದರೆ 23 ಕಿಲೋ ಬಿತ್ತಬೇಕು. ಕಾಳು 15 ಗ್ರಾಮಿನದಾದರೆ ಅದೇ ಲೆಕ್ಕ 28 ಕಿಲೋ ದಾಟುತ್ತದೆ. ಮೇಲಾಗಿ ದಪ್ಪ ಕಾಳು ಚೀಲದಲ್ಲಿ ಬೇಗ ಮೊಳಕೆ ಕಳೆದುಕೊಳ್ಳುತ್ತದೆ. ನಿಮ್ಮಂತೆ ಬೀಜ ಮನೆಯಲ್ಲಿ ಇಟ್ಟುಕೊಳ್ಳುವವರಿಗೆ ಇದು ಸಣ್ಣ ವಿಷಯವಲ್ಲ.

ದಿನಗಳ ವಿಷಯ ನಮ್ಮ ಭಾಗಕ್ಕೆ ಇನ್ನೂ ಮುಖ್ಯ. ತಡವಾಗಿ ಬಲಿಯುವ ಸಾಲು ಹೆಚ್ಚು ದಿನ ಬಿಸಿಲು ತಿನ್ನುತ್ತದೆ, ಹೆಚ್ಚು ಗೆಣ್ಣು ಹಾಕುತ್ತದೆ, ಹಾಗಾಗಿ ಲೆಕ್ಕದಲ್ಲಿ ದಿನಕ್ಕೂ ಇಳುವರಿಗೂ ಒಳ್ಳೆಯ ಸಂಬಂಧ ಬರುವುದುಂಟು. ಆದರೆ ಆ ಲೆಕ್ಕಕ್ಕೆ ನಿಮ್ಮ ಕಡಲೆ ಗೊತ್ತಿಲ್ಲ! 115 ದಿನದ ಸೋಯಾಬೀನ್ ಎರಡು ಕ್ವಿಂಟಲ್ ಜಾಸ್ತಿ ಕೊಟ್ಟು, ಹಿಂಗಾರಿನ ಹಸಿ ತಪ್ಪಿಸಿ ಕಡಲೆಯನ್ನು ಕೆಡಿಸಿದರೆ ಯಾರಿಗೆ ಬೇಕು? ಜಬಲಪುರದ ಜವಾಹರಲಾಲ್ ನೆಹರೂ ಕೃಷಿ ವಿಶ್ವವಿದ್ಯಾಲಯದಿಂದ 1994ರಲ್ಲಿ ಬಂದ ಜೆಎಸ್ 335 ಇಷ್ಟು ವರ್ಷ ಬೆಳಗಾವಿ ಹೊಲಗಳಲ್ಲಿ ಗಟ್ಟಿಯಾಗಿ ನಿಂತದ್ದಕ್ಕೆ ಅದರ 95ರಿಂದ 100 ದಿನದ ಅವಧಿಯೂ ಒಂದು ಕಾರಣ ಅಂತ ನನ್ನ ಅಭಿಪ್ರಾಯ.

ಇದೇ ದಿನದ ಮಾತಿಗೆ ಇನ್ನೊಂದು ಸೇರಿಸಬೇಕು. ರಾತ್ರಿ ಉದ್ದವಾದಾಗ ಹೂ ಬಿಡುವ ಬೆಳೆ ಸೋಯಾಬೀನ್. ಗಾರ್ನರ್ ಮತ್ತು ಅಲ್ಲಾರ್ಡ್ ಅನ್ನುವ ಇಬ್ಬರು ಅಮೆರಿಕನ್ನರು 1920ರಲ್ಲಿ ಇದನ್ನು ತೋರಿಸಿದ್ದೇ ಸೋಯಾಬೀನ್ ಮತ್ತು ತಂಬಾಕಿನ ಮೇಲೆ. ಮಳೆ ತಡವಾಗಿ ನೀವು ಜುಲೈ ಕೊನೆಗೆ ಬಿತ್ತಿದರೆ ಗಿಡ ಎತ್ತರಕ್ಕೆ ಹೋಗುವ ಮೊದಲೇ ಹೂ ಬಿಟ್ಟು ಕೂರುತ್ತದಲ್ಲ, ಅದು ಇದೇ. ಗೆಣ್ಣು ಕಡಿಮೆ, ಕಾಯಿ ಕಡಿಮೆ. ಬೀಜದ ತಪ್ಪಲ್ಲ. ಅಂಥ ವರ್ಷ ಸಾಲನ್ನು ಸ್ವಲ್ಪ ಒತ್ತಾಗಿ ಬಿತ್ತುವುದು ಒಳ್ಳೆಯದು.

ಇನ್ನು ಎಷ್ಟೋ ಗುಣಗಳು ಕಾಯಿ ಎಣಿಸುವ ಪಟ್ಟಿಯಲ್ಲಿ ಕಾಣುವುದೇ ಇಲ್ಲ, ಆದರೂ ಚೀಲಕ್ಕೆ ಬೀಳುವ ಕಾಳನ್ನು ಅವೇ ನಿರ್ಧರಿಸುತ್ತವೆ. ಬಲಿತ ಮೇಲೆ ಕಾಯಿ ಸಿಡಿಯುತ್ತದಾ? ನೆಲದಿಂದ ಮೊದಲ ಕಾಯಿ ಎಷ್ಟು ಎತ್ತರದಲ್ಲಿದೆ? ನೆಲಕ್ಕೆ ತಾಗಿಕೊಂಡಿರುವ ಕಾಯಿ ಕೊಯ್ಲಿನ ಮಷೀನಿಗೆ ಸಿಗುವುದಿಲ್ಲ, ಹೊಲದಲ್ಲೇ ಉಳಿಯುತ್ತದೆ. ಎಲ್ಲಕ್ಕಿಂತ ಮೇಲೆ ತುಕ್ಕು ರೋಗ. ನಿಮ್ಮ ಜಿಲ್ಲೆಯಲ್ಲೇ ಕೃಷ್ಣಾ ತೀರದ ಉಗಾರ ಖುರ್ದ ತುಕ್ಕು ರೋಗಕ್ಕೆ ಎಷ್ಟು ಹೆಸರುವಾಸಿ ಅಂದರೆ, ಯಾವ ಸಾಲು ರೋಗ ತಡೆಯುತ್ತದೆ ಅಂತ ಪರೀಕ್ಷೆ ಮಾಡಲು ಅಲ್ಲಿಗೇ ಒಯ್ದು ಬಿತ್ತುತ್ತಾರೆ. ಕಾಳು ಕಟ್ಟುವ ಹೊತ್ತಿಗೆ ತುಕ್ಕು ಹತ್ತಿದರೆ ಎಲೆ ಉದುರಿ, ಎಣಿಸಿದ ಕಾಯಿ ಎಲ್ಲ ಹಾಗೇ ಇದ್ದು, ಒಳಗೆ ಕಾಳು ಜೊಳ್ಳು. ಜೆಎಸ್ 335ಕ್ಕೆ ತುಕ್ಕು ತಡೆಯುವ ಶಕ್ತಿ ಇಲ್ಲ. ಅದನ್ನೇ ತುಕ್ಕು ತಡೆಯುವ ಒಂದು ವಿದೇಶಿ ಮೂಲದ ಸಾಲಿನ ಜೊತೆ ಕೂಡಿಸಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಮಾಡಿದ ತಳಿ ಡಿಎಸ್‌ಬಿ 21. ನನ್ನನ್ನು ಕೇಳಿದರೆ, ಒಡ್ಡಿನ ಗಿಡದ ಹಿಂದೆ ಬೀಳುವುದಕ್ಕಿಂತ ಈ ತಳಿಯ ಒಂದು ಚೀಲ ತಂದು ಅರ್ಧ ಹೊಲಕ್ಕೆ ಬಿತ್ತಿ ನೋಡುವುದು ಲಾಭದ ಕೆಲಸ.

ತಳಿ ಮಾಡುವವರು ಒಂಟಿ ಗಿಡವನ್ನು ಆರಿಸುವುದೇ ಇಲ್ವಾ ಅಂತ ನೀವು ಕೇಳಬಹುದು. ಆರಿಸುತ್ತೇವೆ, ಎರಡು ತಳಿ ಕೂಡಿಸಿದ ಮೇಲಿನ ಪೀಳಿಗೆಗಳಲ್ಲಿ. ಅಕ್ಕಿ ಕಾಳಿನಷ್ಟು ಸಣ್ಣ ಮೊಗ್ಗನ್ನು ಇಕ್ಕಳದಿಂದ ಬಿಡಿಸಿ, ಒಳಗಿನ ಪರಾಗಕೋಶ ತೆಗೆದು, ಬೇರೆ ಗಿಡದ ಪರಾಗ ಸವರಬೇಕು. ಹತ್ತು ಮೊಗ್ಗಿಗೆ ಕೈ ಹಾಕಿದರೆ ಬಹಳಷ್ಟು ಉದುರಿ ಹೋಗುತ್ತವೆ. ಅದರಿಂದ ಬಂದ ಎರಡನೇ ಪೀಳಿಗೆಯಲ್ಲಿ ಗಿಡಕ್ಕೊಂದು ಗುಣ. ಅಲ್ಲಿ ಹೂ ಬಿಡುವ ದಿನ, ಕಾಳಿನ ಗಾತ್ರ, ರೋಗ ಇಂಥ ಬೀಜದ ಜೊತೆ ಸಾಗುವ ಗುಣಗಳನ್ನು ನೋಡಿ ಜರಡಿ ಹಿಡಿಯುತ್ತೇವೆ. ಇಳುವರಿಯನ್ನು ಆಗ ಮುಟ್ಟುವುದಿಲ್ಲ. 1966ರಲ್ಲಿ ಬ್ರಿಮ್ ಅನ್ನುವವರು ಸೋಯಾಬೀನ್‌ಗೆ ಸರಳ ದಾರಿ ಹೇಳಿದರು: ಪ್ರತಿ ಗಿಡದಿಂದ ಒಂದೇ ಕಾಳು ತೆಗೆದು ಮುಂದಿನ ಪೀಳಿಗೆಗೆ ಹೋಗಿ, ಗುಣ ನೆಲೆ ನಿಂತ ಮೇಲೆ ಸಾಲು ಮಾಡಿ ತೂಗಿ. ಆಮೇಲೆ ಹಲವು ಊರು, ಹಲವು ವರ್ಷ ತೂಕ. ಒಂದು ತಳಿ ಹೊರಬರಲು ಹತ್ತು ವರ್ಷ ಹೆಚ್ಚೇನಲ್ಲ.

ನಿಮ್ಮ ಎಕರೆಯ ಲೆಕ್ಕವನ್ನೂ ಒಮ್ಮೆ ನೋಡಿ. 40 ಕಾಯಿ, ಕಾಯಿಗೆ 2.2 ಕಾಳು ಅಂದರೆ ಗಿಡಕ್ಕೆ 88 ಕಾಳು, ಹತ್ತೂವರೆ ಗ್ರಾಂ. 1,33,000 ಗಿಡಕ್ಕೆ 14 ಕ್ವಿಂಟಲ್ ಆಗಬೇಕು. ನಿಮಗೆ ಬಂದದ್ದು ಏಳೆಂಟು. ಉಳಿದದ್ದು ಎಲ್ಲಿ ಹೋಯಿತು? ಸ್ವಲ್ಪ ಎಣಿಕೆಯಲ್ಲೇ ಹೋಗಿದೆ, ಎಣಿಸಲು ಕೂತಾಗ ಕೈ ತಾನಾಗಿ ಒಳ್ಳೆಯ ಗಿಡದ ಕಡೆಗೇ ಹೋಗುತ್ತದೆ. ಸ್ವಲ್ಪ ಜೊಳ್ಳು ಕಾಯಿ, ಸಿಡಿದ ಕಾಯಿ, ರಾಶಿ ಮಷೀನಿನಿಂದ ಹೊಟ್ಟಿನ ಜೊತೆ ಹಾರಿದ ಕಾಳು. ದೊಡ್ಡ ಪಾಲು, ನನ್ನ ಅನುಮಾನ, ಹುಟ್ಟದೇ ಹೋದ ಗಿಡಗಳದ್ದು. ನಿಮ್ಮ ಒಡ್ಡಿನ ಗಿಡದ ಪಕ್ಕದ ಆ ಒಂದು ಮೊಳ ಖಾಲಿ ಇದೆಯಲ್ಲ, ಅಂಥವು ಹೊಲದಲ್ಲಿ ಇನ್ನೆಷ್ಟು ಇವೆ? ಖಾಲಿ ಜಾಗವನ್ನು ಪಕ್ಕದ ಗಿಡ ಟೊಂಗೆ ಒಡೆದು ತುಂಬುತ್ತದೆ, ಆದರೆ ಎಷ್ಟೂಂತ ತುಂಬುತ್ತದೆ! ಬಿತ್ತುವ ಮೊದಲು ನೂರು ಕಾಳು ಹಸಿ ಗೋಣಿ ಚೀಲದಲ್ಲಿ ಸುತ್ತಿಟ್ಟು, ಐದಾರು ದಿನಕ್ಕೆ ಎಷ್ಟು ಮೊಳೆತವು ಅಂತ ಎಣಿಸಿ. 70ಕ್ಕಿಂತ ಕಡಿಮೆ ಇದ್ದರೆ ಅದಕ್ಕೆ ತಕ್ಕ ಹಾಗೆ ಬೀಜ ಹೆಚ್ಚಿಸಿ, ತೀರಾ ಕಡಿಮೆ ಇದ್ದರೆ ಆ ಬೀಜ ಬೇಡ.

ಇಷ್ಟೆಲ್ಲ ಹೇಳಿದ ಮೇಲೂ ಆ ಗಿಡವನ್ನು ಎಸೆಯಿರಿ ಅನ್ನಲಾರೆ. ಮನೆ ಬೀಜ ಅಂದಿರಿ. ವರ್ಷಗಟ್ಟಲೆ ರಾಶಿ ಮಷೀನು ಊರೆಲ್ಲ ತಿರುಗುವಾಗ ಬೇರೆ ತಳಿಯ ಕಾಳು ಬೆರೆತಿರಬಹುದು. ಆಗ ಅದು ನಿಜವಾಗಿ ಬೇರೆ ಗಿಡವೇ ಇರಬಹುದು. ಜೆಎಸ್ 335ರ ಹೂವು ನೇರಳೆ, ಕಾಯಿಯ ಮೇಲೆ ನವಿರು ಇರುವುದಿಲ್ಲ, ಹಳದಿ ಕಾಳಿಗೆ ಕಪ್ಪು ಕಣ್ಣು. ನಿಮ್ಮ ಗಿಡದ ಕಾಯಿಯನ್ನು ಬೆರಳಿನಿಂದ ಸವರಿ. ಒರಟಾಗಿ ಕೂದಲು ತಾಗಿದರೆ, ಕಾಳಿನ ಕಣ್ಣು ಕಂದು ಇದ್ದರೆ, ಅದು ಬೇರೆ.

ಬೇರೆ ಆದರೂ ಆಗದಿದ್ದರೂ ಪರೀಕ್ಷೆ ಒಂದೇ. 168 ಕಾಯಿಯಲ್ಲಿ ಮುನ್ನೂರ ಐವತ್ತು ಕಾಳಾದರೂ ಸಿಗುತ್ತವೆ. ಮಷೀನಿಗೆ ಹಾಕಬೇಡಿ, ಕೋಲಿನಿಂದಲೂ ಬಡಿಯಬೇಡಿ. ಸೋಯಾಬೀನ್ ಸಿಪ್ಪೆ ತೆಳು, ಪೆಟ್ಟಿಗೆ ಮೊಳಕೆ ಸಾಯುತ್ತದೆ. ಕೈಯಿಂದ ಬಿಡಿಸಿ, ನೆರಳಲ್ಲಿ ಆರಿಸಿ, ಬಟ್ಟೆ ಚೀಲದಲ್ಲಿಡಿ. ಮುಂದಿನ ಮುಂಗಾರಿಗೆ ಒಡ್ಡಿನಿಂದ ದೂರ, ಹೊಲದ ನಡುವೆ ನಾಲ್ಕು ಬೇರೆ ಬೇರೆ ಜಾಗದಲ್ಲಿ ಮೂರು ಮೀಟರಿನ ಒಂದೊಂದು ಸಾಲು ಹಾಕಿ, ಸಾಲಿಗೆ 30 ಗಿಡ ನಿಲ್ಲಬೇಕು. ಹುಟ್ಟದ ಕಡೆ ತುಂಬಲು ಎರಡೆರಡು ಕಾಳು ಊರಿ, ಆಮೇಲೆ ಒಂದು ಕಿತ್ತುಬಿಡಿ. ಪ್ರತಿ ಸಾಲಿನ ಎರಡೂ ಮಗ್ಗುಲಿಗೆ ನಿಮ್ಮ ಹಳೆ ಬೀಜದ ಸಾಲನ್ನು ಅದೇ ಅಳತೆಗೆ, ಅದೇ ದಿನ ಹಾಕಿ. ಗೊಬ್ಬರ, ಎಡೆ, ಔಷಧ ಎಲ್ಲ ಒಂದೇ. ಒಂಟಿ ಗಿಡದ ಕಾಯಿ ಎಣಿಸಲು ಹೋಗಬೇಡಿ, ಸಾಲು ಸಾಲಾಗಿ ಬೇರೆ ಬಿಡಿಸಿ ಕಾಳು ತೂಗಿ. ನಾಲ್ಕು ಜಾಗದಲ್ಲಿ ನಾಲ್ಕೂ ಕಡೆ ಹೊಸ ಸಾಲು ಮುಂದಿದ್ದರೆ ಮರುವರ್ಷ ಹತ್ತು ಸಾಲು ಮಾಡಿ. ಎರಡು ಕಡೆ ಮುಂದೆ, ಎರಡು ಕಡೆ ಹಿಂದೆ ಆದರೆ ಅದು ನಿಮ್ಮ ಹಳೆ ಜೆಎಸ್ 335ರ ಕಾಳೇ, ಬೇಳೆಯ ಜೊತೆ ನೆನೆಹಾಕಿ ಬಿಡಿ. ನಿಜವಾಗಿಯೂ ಬೇರೆ ತಳಿಯೇ ನಿಂತರೆ, 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ರೈತರೂ ತಮ್ಮ ತಳಿ ನೋಂದಾಯಿಸಲು ಅವಕಾಶ ಇದೆ. ಅದನ್ನು ಆಮೇಲೆ ನೋಡೋಣ.

ಮಗಳನ್ನು ತೂಕದ ಕಾಟಾದ ಹತ್ತಿರ ಕೂರಿಸಿ. ಹನ್ನೆರಡು ಸಾಲಿನ ತೂಕವನ್ನು ಅವಳೇ ಬರೆದುಕೊಂಡು ಕಳಿಸಲಿ, ಲೆಕ್ಕ ಇಬ್ಬರೂ ಸೇರಿ ಹಾಕುತ್ತೇವೆ.